ಅತ್ತಿಗೆಯ ಪಿಕಪ್

ಗಂಡ ತೀರಿಕೊಂಡ ಮೇಲೆ ಅವನ ಫೋರ್ ವೀಲ್ ಡ್ರೈವ್ ಪಿಕಪ್ಪಿನಲ್ಲಿ ಕಿಟಕಿ ಗಾಜು ಸಾಗಿಸಿ ಬದುಕುತ್ತಿದ್ದ ಅತ್ತಿಗೆಯನ್ನು ಕಂಡರೆ ಮೈದುನನಿಗೆ ಆಗುತ್ತಿರಲಿಲ್ಲ. ಅಣ್ಣನ ಗಾಡಿ ತನಗೆ ಬರಬೇಕಿತ್ತೆಂಬ ಹೊಟ್ಟೆಕಿಚ್ಚು. ಮುಂದಿನ ಶಾಕ್ ಅಬ್ಸಾರ್ಬರ್ ಸೋತು, ಹಳ್ಳ ಬಿದ್ದ ದಾರಿಯಲ್ಲಿ ಗಾಜು ಒಡೆಯತೊಡಗಿದಾಗ ಅವನು ಒಳಗೊಳಗೇ ಹಿಗ್ಗಿದ.

ಆಕೆ ಇನ್ನೂ ಗಟ್ಟಿಯಾದ ಶಾಕ್ ಅಬ್ಸಾರ್ಬರ್ ಜೋಡಿ ತಂದು, ಅಂಗಳದಲ್ಲೇ ಗಾಡಿಗೆ ಜಾಕ್ ಕೊಟ್ಟಳು. ಹಳೆಯದರ ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ.

"ಗಾಡಿ ನನಗೆ ಕೊಟ್ಬಿಡಿ ಅತ್ತಿಗೆ. ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ," ಎಂದ ಮೈದುನ, ಜಗಲಿಯಿಂದ ಇಳಿಯದೆ.

ಆಕೆ ಬೋಲ್ಟಿಗೆ ಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಮೈಭಾರವೆಲ್ಲ ಹಾಕಿದಳು. ಅದು ಕಿರುಗುಟ್ಟಿ ತಿರುಗಿತು. ಸಂಜೆಗೆ ಹೊಸ ಜೋಡಿ ಗಾಡಿಯಲ್ಲಿತ್ತು.

"ಒಂದು ರೌಂಡ್ ಓಡಿಸಿ ನೋಡ್ಲಾ?" ಎಂದು ಅವನು ಕೈ ಚಾಚಿದ.

"ಇಷ್ಟೊತ್ತು ಕೂತು ನೋಡಿದ್ಯಲ್ಲ, ಇನ್ಮುಂದೆನೂ ಅಲ್ಲೇ ಕೂತು ನೋಡು," ಎಂದು ಆಕೆ ಗಾಡಿ ಹತ್ತಿ ಬಾಗಿಲು ಹಾಕಿಕೊಂಡಳು.