ಕರೆಂಟು ಬಂದ ಮೇಲಿನ ಕತ್ತಲೆ

"ಅಮ್ಮಾ, ಎಲ್ಲರ ಮನೇಲೂ ಲೈಟ್ ಬಂತಲ್ಲ, ಫ್ರಿಜ್ಜಿನ ಮಾವ ಮಾತ್ರ ಯಾಕೆ ಇನ್ನೂ ಕತ್ತಲಲ್ಲೇ ಕೂತಿದ್ದಾರೆ?"

ಸಂಜೆ ಕೆಳಗೆ ಆಟವಾಡಿ ಬಂದ ಪುಟ್ಟಿ ಚಪ್ಪಲಿ ಬಿಡುತ್ತಲೇ ಕೇಳಿದಳು. ಒಗೆದ ಬಟ್ಟೆ ಮಡಿಸುತ್ತಿದ್ದ ಅವಳಮ್ಮ ತಲೆಯೆತ್ತದೆ ನಕ್ಕಳು. ಕೆಳಗಿನ ಮನೆಯ ಮಾವನ ಈ ಅಭ್ಯಾಸ ಆ ಕಟ್ಟಡದಲ್ಲಿ ಯಾರಿಗೆ ಗೊತ್ತಿಲ್ಲ?

ಮಾವ ಫ್ರಿಜ್ಜು ರಿಪೇರಿ ಮಾಡುವವರು. ಕಂಡವರ ಅಡುಗೆಮನೆಯಲ್ಲಿ, ಫ್ರಿಜ್ಜಿಗೂ ಗೋಡೆಗೂ ನಡುವೆ ಕೂತೂ ಕೂತೂ ಅರ್ಧ ಆಯುಸ್ಸು ಕಳೆದವರು. ಆ ಬೀದಿಯ ಕರೆಂಟಿಗಂತೂ ಹೊತ್ತಿಲ್ಲ ಗೊತ್ತಿಲ್ಲ. ಒಂದು ದಿನ ಬಲ್ಬಿನೊಳಗಿನ ತಂತಿ ಬರೀ ಕೆಂಪಗೆ ಕಾಣುವಷ್ಟು ಸೊರಗಿ ಬರುತ್ತದೆ, ಇನ್ನೊಂದು ದಿನ ಫ್ಯಾನು ಕಿತ್ತುಕೊಂಡು ಹೋಗುವ ಹಾಗೆ ನುಗ್ಗಿ ಬರುತ್ತದೆ. ಅದಕ್ಕೇ ಕರೆಂಟು ಹೋಯಿತೆಂದರೆ ಮಾವ ಮೊದಲು ತಮ್ಮ ಮನೆಯ ಫ್ರಿಜ್ಜಿನ ಪ್ಲಗ್ ಕೀಳುವರು, ಆಮೇಲೆ ನೋಯುವ ಮಂಡಿಯನ್ನು ಒತ್ತಿಕೊಳ್ಳುತ್ತ ಮೆಟ್ಟಿಲು ಹತ್ತಿ ಒಂದೊಂದೇ ಬಾಗಿಲು ತಟ್ಟುವರು.

"ಫ್ರಿಜ್ಜಿನ ಪ್ಲಗ್ ತೆಗೆದ್ಯಾ? ಟಿವೀದು? ಸ್ಟೆಬಿಲೈಸರ್ ಇದೆ ಅಂತ ಧೈರ್ಯ ಬೇಡ ಕಣಮ್ಮ, ಅದೂ ಪಾಪ ಎಷ್ಟು ಅಂತ ತಡ್ಕೊಳುತ್ತೆ. ಕರೆಂಟು ಹೋಗುವಾಗ ಯಾರಿಗೂ ಏನೂ ಮಾಡಲ್ಲ. ಬರುವಾಗ ನೋಡು ಅದರ ದರ್ಬಾರು!"

ಬಂದ ಮೇಲೂ ಅವರಿಗೆ ಅವಸರವಿಲ್ಲ. ತಮ್ಮ ಮನೆಯ ಮೇನ್ ಸ್ವಿಚ್ ಆರಿಸಿಯೇ ಇಟ್ಟು, ಬಾಗಿಲು ತೆರೆದು, ಮೆಟ್ಟಿಲ ಮೇಲಿನ ಬಲ್ಬನ್ನು ನೋಡುತ್ತ ಕುರ್ಚಿಯಲ್ಲಿ ಕೂರುವರು. ಆ ಬೆಳಕು ಹಾರಾಡದೆ ಒಂದೇ ಸಮನೆ ನಿಂತಿತೆಂದು ಮನಸ್ಸಿಗೆ ಬಂದ ಮೇಲೆಯೇ ಎದ್ದು, "ಈಗ ಹಾಕ್ಕೊಳ್ಳಿ" ಎಂದು ಮೆಟ್ಟಿಲ ಬುಡದಿಂದ ಕೂಗುವರು.

"ಮಾವಾ, ಬಂದಿರೋದು ಕರೆಂಟು, ಬೀಗರಲ್ಲ. ಇಷ್ಟೊಂದು ಮರ್ಯಾದೆ ಯಾಕೆ?" ಎಂದು ಎದುರು ಮನೆಯ ಟೈಲರ್ ರೇಗಿಸುವನು.

"ಬೀಗರು ಮುನಿಸ್ಕೊಂಡ್ರೆ ಊಟ ಬಿಟ್ಟು ಹೋಗ್ತಾರೆ ಅಷ್ಟೇ ಕಣಯ್ಯಾ. ಇದು ಮುನಿಸ್ಕೊಂಡ್ರೆ ನಿನ್ನ ಮೋಟಾರ್ ಸುಟ್ಟೋಗುತ್ತೆ. ಆಮೇಲೆ ಕಾಲಲ್ಲೇ ಮಿಷಿನ್ ತುಳೀತಾ ಕೂತ್ಕೋ!"

ಹೆಂಡತಿ ತೀರಿಕೊಂಡಾಗ ಮಾವನ ಮಗಳು ಇನ್ನೂ ತೊದಲು ಮಾತಿನ ಕೂಸು. ಬಿಟ್ಟು ಹೋಗಲು ಯಾರೂ ಇಲ್ಲದೆ ರಿಪೇರಿಗೆ ಹೋದಲ್ಲೆಲ್ಲ ಕರೆದುಕೊಂಡೇ ಹೋದರು. "ಕೆಲಸ ಸರಿಯಾಯ್ತೋ ಇಲ್ವೋ ಅಂತ ಅವಳೇ ಹೇಳ್ತಿದ್ದಿದ್ದು" ಎಂದು ಮಾವ ಈಗಲೂ ನಗುವರು. "ಫ್ರಿಜ್ಜಿನ ಸದ್ದು ಹದವಾಗಿದ್ರೆ ಅದಕ್ಕೇ ಒರಗಿಕೊಂಡು ನಿದ್ದೆ. ಒಂಚೂರು ಗೊರಗೊರ ಅಂದ್ರೂ ಅಳು!"

ಆ ಮಗಳಿಗೇ ಈಗ ಒಂದು ಮಗು. ದಿನ ತುಂಬುವ ಮೊದಲೇ ಅವಸರ ಮಾಡಿಕೊಂಡು ಬಂದ ಹಿಡಿಯಷ್ಟಿನ ಕೂಸು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ. ಅಳಿಯ ದೂರದ ಊರಿನ ಕೆಲಸದಲ್ಲಿ. ಕೂಸು ಹನಿಹನಿಯಾಗಿ ಕುಡಿಯುವುದಷ್ಟೇ. ಮಿಕ್ಕ ಎದೆಹಾಲನ್ನು ಮಗಳು ಹಿಂಡಿ, ಸಣ್ಣ ಸಣ್ಣ ಡಬ್ಬಿಗೆ ತುಂಬಿ, ತಾರೀಖು ಬರೆದು ಕೊಡುವಳು. ಮಾವ ಅದನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಎದೆಗವಚಿಕೊಂಡು ಬಸ್ಸಿನಲ್ಲಿ ತಂದು ಮನೆಯ ಫ್ರೀಜರಿಗೆ ಸೇರಿಸುವರು. ಹಾಲು ಬತ್ತಿಹೋದರೆ ಏನು ಗತಿ ಎಂಬ ಹೆದರಿಕೆ ಆ ಹೊಸ ಬಾಣಂತಿಗೆ. ಫ್ರೀಜರಿನಲ್ಲಿ ಇಷ್ಟು ಇದೆಯಲ್ಲ ಎಂಬುದೊಂದೇ ಸಮಾಧಾನ.

ಇದನ್ನೆಲ್ಲ ಬಲ್ಲ ಪುಟ್ಟಿಯ ಅಮ್ಮ ಹೇಳಿದಳು: "ಮಾವ ಬಲ್ಬು ನೋಡ್ತಾ ಕೂತಿರ್ತಾರೆ ಪುಟ್ಟಿ. ಕರೆಂಟು ಸರಿ ಬಂತಾ ಅಂತ."

"ಬಲ್ಬು ನೋಡ್ತಿಲ್ಲಮ್ಮ. ಗೋಡೆ ಕಡೆ ತಿರುಗಿ ಕೂತಿದ್ದಾರೆ. ನಾನು ಕರೆದ್ರೂ ಮಾತಾಡ್ಲಿಲ್ಲ."

ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಅವಳು ಕೆಳಗಿಳಿದಳು.

ಮಾವ ಕುರ್ಚಿಯಲ್ಲಿರಲಿಲ್ಲ, ಅಡುಗೆಮನೆಯ ನೆಲದ ಮೇಲಿದ್ದರು. ಫ್ರಿಜ್ಜಿನ ಪ್ಲಗ್ಗು ಅವರ ತೊಡೆಯ ಮೇಲಿತ್ತು.

"ಏನಾಯ್ತು ಮಾವ? ಹುಷಾರಿಲ್ವಾ?"

"ಇವತ್ತು ಕರೆಂಟು ಹೋಯ್ತಲ್ಲಮ್ಮ, ಪ್ಲಗ್ ಕೀಳೋಣ ಅಂತ ಕೈ ಹಾಕಿದೆ" ಎಂದರು. ತೊಡೆಯ ಮೇಲಿದ್ದ ಪ್ಲಗ್ಗನ್ನು ಎತ್ತಿ ತೋರಿಸಿದರು. "ಮೊದಲೇ ಕಿತ್ತೇ ಇತ್ತು."

ಅವಳಿಗೆ ತಕ್ಷಣ ಹೊಳೆಯಿತು. ನಿನ್ನೆ ಬೆಳಿಗ್ಗೆ ಬಂದ ಕರೆಂಟು ಹುಚ್ಚು ಹಿಡಿದಂತೆ ಬಂದಿತ್ತು. ಟೈಲರನ ಟಿವಿಯಿಂದ ಹೊಗೆ ಎದ್ದು ಕಟ್ಟಡವೆಲ್ಲ ಬೊಬ್ಬೆ. ಮಾವ ಓಡಾಡಿ ಎಲ್ಲರ ಮನೆಯ ಮೇನ್ ಆರಿಸಿ, ಲೈನ್‌ಮನ್ ಬಂದು ಕಂಬದ ಮೇಲಿನ ತಂತಿ ಸರಿಮಾಡುವ ತನಕ ಕಾದು, ಆಮೇಲೆ ಮನೆಮನೆಗೂ ಹೋಗಿ ತಾವೇ ಪ್ಲಗ್ ಹಾಕಿ, ಫ್ರಿಜ್ಜುಗಳ ಬೆನ್ನಿಗೆ ಕಿವಿಯಿಟ್ಟು ಕೇಳಿ, ಕೊಟ್ಟ ಕಡೆಯೆಲ್ಲ ಟೀ ಕುಡಿದು ಇಳಿದಿದ್ದರು. ಇಳಿದವರು ಹಾಗೇ ಮಗಳ ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ನಡೆದಿದ್ದರು. ರಾತ್ರಿ ಅಲ್ಲೇ ಉಳಿದು, ಇವತ್ತು ಸಂಜೆ ಕರೆಂಟು ಹೋಗುವ ಹೊತ್ತಿಗಷ್ಟೇ ಮರಳಿದ್ದರು.

"ಎಲ್ಲರ ಮನೇದೂ ಹಾಕಿದೆ ಕಣಮ್ಮ" ಎಂದರು ಮಾವ. "ನಮ್ಮನೇದು ಬಿಟ್ಟು."

ಅವಳು ಫ್ರೀಜರಿನ ಬಾಗಿಲು ತೆಗೆದಳು. ಅದರ ರಬ್ಬರು ಸಡಿಲವಾಗಿ ಬಹಳ ಕಾಲವಾಗಿತ್ತು. ಮಾವನಿಗೆ ಊರವರ ರಬ್ಬರು ಬದಲಿಸಿ ತಮ್ಮದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ಮುಂದಿನ ಡಬ್ಬಿಗಳನ್ನು ಮುಟ್ಟಿದರೆ ಬೆಚ್ಚಗೆ, ನೀರು ನೀರು. ಪುಟ್ಟಿ ಹಸುಗೂಸಾಗಿದ್ದಾಗ ತಾನೂ ಹೀಗೇ ಹಿಂಡಿಟ್ಟು ಕೆಲಸಕ್ಕೆ ಹೋದವಳು. ನಡುವೆ ಅವಳಿಗೆ ಹಾಲು ನಿಂತುಹೋಗಿ ಮತ್ತೆ ಬಂದ ಕತೆಯನ್ನು ಮಾವನೂ ಸೇರಿ ಇಡೀ ಕಟ್ಟಡವೇ ಬಲ್ಲದು. ಒಂದು ಡಬ್ಬಿ ತುಂಬಿಸಲು ಏನು ಪಾಡೆಂದು ಅವಳಿಗೆ ಗೊತ್ತು.

ಆದರೆ ಕೂತು ಅಳುವುದಕ್ಕೆ ಅದು ಹೊತ್ತಲ್ಲ. ಆಸ್ಪತ್ರೆಯ ನರ್ಸಿಗೆ ಫೋನು ಹಚ್ಚಿ ಕೇಳಿದಳು. ಒಳಗೆ ಐಸು ಉಳಿದಿದ್ದರೆ ಇಟ್ಟುಕೊಳ್ಳಿ, ಪೂರ್ತಿ ಕರಗಿ ಬೆಚ್ಚಗಾದದ್ದನ್ನು ಕೊಡಲೇಬೇಡಿ ಎಂದರು ಅವರು. ಅವಳು ಒಂದೊಂದೇ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಿಂಬದಿಗೆ, ಮಂಜು ಗಟ್ಟಿಯಾಗಿ ಕೂತಿದ್ದ ಮೂಲೆಯಲ್ಲಿ ಕೆಲವಷ್ಟೇ ಉಳಿದಿದ್ದವು. ಪುಟ್ಟಿಯನ್ನು ಕೂಗಿ ಅವನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ಕಳಿಸಿದಳು. "ನಮ್ಮ ಫ್ರೀಜರಲ್ಲಿ ಮೀನಿನ ಡಬ್ಬ ತೆಗೆದು ಇದನ್ನಿಡೋಕೆ ಅಪ್ಪಂಗೆ ಹೇಳು. ಓಡಬೇಡ, ನಿಧಾನ."

ಉಳಿದವನ್ನು ಬಚ್ಚಲಿಗೆ ಸುರಿಯಲೆಂದು ಎತ್ತಿಕೊಂಡಾಗ ಮಾವ ಕೈ ಅಡ್ಡ ಹಿಡಿದರು.

"ಬೇಡಮ್ಮ. ಮಗಳು ಬರ್ತಿದ್ದಾಳೆ, ದಾರೀಲಿದ್ದಾಳೆ. ಕೂಸಿಗೆ ನಾಳೆಯಿಂದ ಜಾಸ್ತಿ ಕುಡಿಸಬಹುದು ಅಂದ್ರಂತೆ ಡಾಕ್ಟ್ರು. ಇದನ್ನೇ ತಗೊಂಡು ಹೋಗೋಕೆ ಬರ್ತಿರೋದು. ಅವಳಿಗೆ ತೋರಿಸದೆ ಚೆಲ್ಲಬಾರದು."

"ಮಾವ, ನಾನೇ ಹೇಳ್ತೀನಿ. ಕರೆಂಟು ಕೈಕೊಡ್ತು ಅಂತೀನಿ. ಸುಳ್ಳೇನೂ ಅಲ್ವಲ್ಲ."

ಮಾವ ಪ್ಲಗ್ಗನ್ನು ತಿರುವಿ ತಿರುವಿ ನೋಡಿದರು. "ಜೀವಮಾನವಿಡೀ ಆ ಕರೆಂಟನ್ನ ಬೈಕೊಂಡೇ ಬಂದೆ ಕಣಮ್ಮ. ಇವತ್ತು ಅದರ ತಪ್ಪಿಲ್ಲ. ನಾನೇ ಹೇಳ್ತೀನಿ."

ಅವಳು ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅವರ ಅಂಗಿಯ ತೋಳಿಗಂಟಿದ ದೂಳು ಕೊಡವಿದಳು.

ಹೊರಗೆ ಗೇಟಿನ ಬಳಿ ಆಟೋ ನಿಂತ ಸದ್ದಾಯಿತು. ಮಾವ ಅವಳ ಹೆಗಲು ಹಿಡಿದುಕೊಂಡು ಎದ್ದು ನಿಂತರು, ಆದರೆ ಕೈ ಬಿಡಲಿಲ್ಲ.

"ಒಂದು ಉಪಕಾರ ಮಾಡ್ತೀಯಾ ತಾಯಿ? ಹಾಲು ಮತ್ತೆ ಬರುತ್ತೆ ಅಂತ ನಾನು ಹೇಳಿದ್ರೆ ಅವಳು ನಂಬಲ್ಲ. ಅಪ್ಪಂಗೇನು ಗೊತ್ತು ಅಂತಾಳೆ. ನಾನು ನನ್ನ ತಪ್ಪು ಹೇಳಿ ಆಚೆ ನಿಲ್ತೀನಿ. ಆಮೇಲೆ ಅವಳ ಪಕ್ಕ ಕೂತ್ಕೊಂಡು, ನಿಂಗೆ ಹೆಂಗಾಯ್ತು, ಎಷ್ಟು ಹೆದರಿದ್ದೆ, ಮತ್ತೆ ಹೆಂಗೆ ಬಂತು... ಎಲ್ಲಾ ನೀನೇ ಹೇಳ್ತೀಯಾ?"