ಕೇರಂ ಬೋರ್ಡಿನ ಕಾವು

ನಿಪ್ಪಾಣಿಯಲ್ಲಿ ಜುಲೈ ತಿಂಗಳ ಮಳೆ ಹಿಡಿದರೆ ಎಂಟು ಹತ್ತು ದಿನ ಬಿಡುವುದಿಲ್ಲ. ವೇದಗಂಗೆ, ದೂಧಗಂಗೆಗಳ ಕೆಳಸೇತುವೆಗಳು ಮುಳುಗುತ್ತವೆ, ಹಳ್ಳಿಯ ಜನ ಪೇಟೆಗೆ ಬರುವುದು ಕಡಿಮೆಯಾಗುತ್ತದೆ. ಪೇಟೆಯವರಿಗೆ ಅಂಥ ದಿನಗಳಲ್ಲಿ ಹೋಗಿ ಕೂರಲು ಮೂರು ಜಾಗ: ಮಿಸಳ ಸಿಗುವ ಹೋಟೆಲು, ಕನ್ನಡ ಮರಾಠಿ ಪತ್ರಿಕೆಗಳಿರುವ ವಾಚನಾಲಯ, ಕೇರಂ ಬೋರ್ಡುಗಳಿರುವ ತರುಣ ಮಂಡಳ. ಮೂರರಲ್ಲೂ ಕೂತಿರುವವರು ಗಂಡಸರೇ. ಮಳೆ ಬಂದಾಗ ಹೆಂಗಸರು ಎಲ್ಲಿ ಹೋಗುತ್ತಾರೆಂದು ಯಾರೂ ಕೇಳಿದ್ದಿಲ್ಲ. ಮನೆಯಲ್ಲಿರುತ್ತಾರೆ, ಇನ್ನೆಲ್ಲಿ.

ಸುಂದರಾ ಕಾಂಬಳೆಗೆ ಮನೆಯಲ್ಲಿರಲು ತಕರಾರಿರಲಿಲ್ಲ, ಜಾಗವಿರಲಿಲ್ಲ. ಅಕ್ಕೋಳ ರಸ್ತೆಯ ಹಿಂದಿನ ಓಣಿಯಲ್ಲಿ ಅವಳದು ಎರಡು ಖೋಲಿಯ ಮನೆ. ಒಂದರಲ್ಲಿ ಸೊಸೆ ಮನಿಷಾಳ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಒಲೆ. ಮಳೆಗಾಲದಲ್ಲಿ ಎರಡರಲ್ಲೂ ಅಡ್ಡಡ್ಡ ಹಗ್ಗ, ಹಗ್ಗದ ತುಂಬ ಒಣಗದ ಬಟ್ಟೆ, ಅದರ ಕೆಳಗೆ ಅಂಗಳದಿಂದ ಒಳಗೆ ತಂದು ಕಟ್ಟಿದ ಆಡು. ಐವತ್ತೆಂಟು ವರ್ಷದ ಸುಂದರಾ ಆಡಿನ ಪಕ್ಕ ಕುಳಿತು ಬೀಡಿ ಸುತ್ತುತ್ತಾಳೆ. ನಲವತ್ತು ವರ್ಷದಿಂದ ಸುತ್ತಿದ್ದಾಳೆ. ಈಚೆಗೆ ಕೆಲಸ ಕಡಿಮೆ. ವಾರಕ್ಕೆ ಮೂರು ದಿನ ಬೀಡಿ ಎಲೆ ಬಂದರೆ ಹೆಚ್ಚು, ಅದೂ ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. ಆಮೇಲೆ ಅವಳ ಬೆರಳುಗಳಿಗೆ ಮಾಡಲು ಏನೂ ಇರುವುದಿಲ್ಲ.

ಆ ಬೆರಳುಗಳಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಗಂಡ ನಾಮದೇವ ತಂಬಾಕಿನ ಗೋದಾಮಿನಲ್ಲಿ ಹಮಾಲಿ. ಮದುವೆಯಾದ ಎರಡನೆಯ ಮಳೆಗಾಲದಲ್ಲಿ ಅವನು ಒಂದು ಮೂಲೆ ಮುರಿದ ಕೇರಂ ಬೋರ್ಡನ್ನು ಎಲ್ಲಿಂದಲೋ ಹೊತ್ತು ತಂದ. ಮಳೆಯಿಂದ ಗೋದಾಮು ನಿಂತಾಗ, ಎಲೆ ಬಾರದಾಗ, ಇಬ್ಬರೂ ಎದುರು ಬದುರು ಕೂತು ಆಡಿದರು. ಆರು ತಿಂಗಳಲ್ಲಿ ಅವಳು ಅವನನ್ನು ಸೋಲಿಸತೊಡಗಿದಳು. ಮೂವತ್ತು ಮಳೆಗಾಲ ಆಟ ನಡೆಯಿತು. ನಾಮದೇವ ತೀರಿಕೊಂಡ ವರ್ಷ ಮಾಳಿಗೆ ಸೋರಿ ಬೋರ್ಡು ಉಬ್ಬಿ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತು. ಒಂದು ವಾರದ ಸ್ನಾನದ ನೀರು ಕಾಯಿಸಲು ಅದು ಸಾಕಾಯಿತು.

ಈ ವರ್ಷ ಮಳೆ ಹಿಡಿದ ನಾಲ್ಕನೆಯ ದಿನ, ಒಂದು ಗುರುವಾರ, ಅವಳು ನೆರೆಮನೆಯ ಗಂಗೂಬಾಯಿಯನ್ನು ಕರೆದುಕೊಂಡು, ಒಂದೇ ಛತ್ರಿಯ ಕೆಳಗೆ ತರುಣ ಮಂಡಳಕ್ಕೆ ಹೋದಳು. ಮಂಡಳದ ಹಾಲ್ ಓಣಿಯ ತುದಿಯಲ್ಲೇ ಇದೆ. ಕಟ್ಟುವಾಗ ಓಣಿಯ ಹೆಂಗಸರೆಲ್ಲ ಉಸುಕು ಹೊತ್ತಿದ್ದರು. ಮುಗಿದ ಮೇಲೆ ಅದರೊಳಗೆ ಕಾಲಿಟ್ಟವರಿಲ್ಲ.

ಒಳಗೆ ಆರು ಬೋರ್ಡು. ಆಟೊ ಓಡಿಸುವ ಸಂಭಾಜಿ ಒಂದು ಬೋರ್ಡಿನಲ್ಲಿ ಒಬ್ಬನೇ ಆಡುತ್ತ, ಕಾಯಿಗಳನ್ನು ಬೈಯುತ್ತಿದ್ದ. ಮಂಡಳದ ಕಾರ್ಯದರ್ಶಿ ಜಿನ್ನಪ್ಪ, ಪುಸ್ತಕ ಪೆನ್ನಿನ ಅಂಗಡಿಯವರು, ಕುರ್ಚಿಯಲ್ಲಿ ಕುಳಿತು ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದರು. ಫೋನಿಟ್ಟು ಇಬ್ಬರನ್ನೂ ನೋಡಿದರು.

“ಏನ್ ಅಕ್ಕಾ, ಮಳ್ಯಾಗ ಬಂದ್ರಿ?”

“ಆಡಾಕ ಬಂದೀವಿ,” ಎಂದಳು ಸುಂದರಾ.

ಜಿನ್ನಪ್ಪ ಆ ಇಬ್ಬರ ಬೆನ್ನ ಹಿಂದೆ ಹುಡುಗರಿದ್ದಾರೇನೋ ಎಂದು ಬಗ್ಗಿ ನೋಡಿದರು. “ಯಾರು ಆಡಾಕ?”

“ನಾವ. ನಾ, ಈ ಗಂಗೂ, ಓಣ್ಯಾನ ಇನ್ನಾ ಆರು ಮಂದಿ. ಬುಧವಾರ ಮಧ್ಯಾಹ್ನ ಎರಡಕ್ಕ ಬರತೀವಿ. ನಿಮ್ಮ ಮಂದಿ ಬರೂದು ಆರಕ್ಕ. ಅಲ್ಲೀಮಟಾ ಹಾಲ್ ಖಾಲಿ ಬಿದ್ದಿರತೈತಿ.”

“ಇದು ತರುಣ ಮಂಡಳ ಐತಿ ಅಕ್ಕಾ.”

“ಹಂಗಾದ್ರ ನೀವ್ ಹೆಂಗ ಒಳಗ ಅದೀರಿ ಜಿನ್ನಪ್ಪಣ್ಣಾ?” ಎಂದಳು ಗಂಗೂಬಾಯಿ. “ನಿಮಗ ಅರವತ್ತೆರಡು. ನಮ್ಮ ಅಣ್ಣನ ವಾರಿಗಿ.”

ಸಂಭಾಜಿ ನಕ್ಕ, ಅವನ ಹೊಡೆತ ಗುರಿ ತಪ್ಪಿತು. ಜಿನ್ನಪ್ಪ ನಗಲಿಲ್ಲ. ಅವರ ತಲೆಯಲ್ಲಿ ಬೇರೆ ಚಿಂತೆಯಿತ್ತು. ಭಾನುವಾರ ಮಳೆಗಾಲದ ಜೋಡಿ ಸ್ಪರ್ಧೆ. ಹನ್ನೆರಡು ವರ್ಷದಿಂದ ನಿಪ್ಪಾಣಿಯಲ್ಲೇ ನಡೆಯುತ್ತ ಬಂದದ್ದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಿಂದ ಆಟಗಾರರು ಬರುತ್ತಾರೆ. ಈ ಸಲ ಬೋರ್ಡುಗಳೇ ಕೈಕೊಟ್ಟಿದ್ದವು.

“ಅಕ್ಕಾ, ನಿಮಗ ಬ್ಯಾಡ ಅನ್ನಾಂವ ನಾ ಅಲ್ಲ. ಆದ್ರ ಬೋರ್ಡ ಸತ್ತಾವು. ಎಷ್ಟ ಪೌಡರ್ ಹಾಕಿದ್ರೂ ಕಾಯಿ ಮುಂದ ಸರೀವಲ್ಲವು. ಅಥಣಿಯವರು ಈಗ ಫೋನ್ ಮಾಡಿದ್ರು, ಸ್ಪರ್ಧಾ ಚಿಕ್ಕೋಡಿಗೆ ಒಯ್ಯೂಣೇನ ಅಂತ. ಇಂಥಾದ್ರಾಗ ನೀವ್ ಎಂಟ ಮಂದಿ ಬಂದು ಕುಂತ್ರ, ನಾಳೆ ಹೆಣಮಕ್ಕಳ ಆಡಿ ಬೋರ್ಡ ಕೆಟ್ಟೂ ಅಂತಾರ.”

ಸುಂದರಾ ಸಂಭಾಜಿಯ ಬೋರ್ಡಿನ ಹತ್ತಿರ ಹೋಗಿ ಅಂಗೈಯನ್ನು ಅದರ ನಡುವೆ ಇಟ್ಟಳು. ತಣ್ಣಗಿತ್ತು. ಪೌಡರು ಹಿಟ್ಟಿನಂತೆ ಬೆರಳಿಗೆ ಅಂಟಿತು. ಆಮೇಲೆ ಅವಳು ಮೇಲೆ ನೋಡಿದಳು. ತಗಡಿನ ಟೋಪಿಯ ಕೆಳಗೆ ಬೆಳ್ಳಗಿನ ಎಲ್‌ಇಡಿ ದೀಪ.

“ಈ ದಿವಾ ಯಾವಾಗ ಹಾಕಿದ್ರಿ?”

“ಯುಗಾದಿಗೆ. ಯಾಕ?”

“ಮೊದಲ ಹಳದಿ ಬಲ್ಬ್ ಇದ್ದೂ ಹೌದಿಲ್ಲೋ?”

“ಇದ್ದೂ. ಕರೆಂಟ್ ಭಾಳ ತಿಂತಿದ್ದೂ, ತಗಸಿದ್ವಿ. ಈಗ ನೋಡ್ರಿ, ಎಷ್ಟ ಬೆಳಕ ಐತಿ.”

“ಬೆಳಕ ಐತಿ, ಕಾವ ಇಲ್ಲ,” ಎಂದಳು ಸುಂದರಾ. “ಬೋರ್ಡಿಗೆ ಬೇಕಾಗಿದ್ದ ಕಾವು.”

ಮಳೆಗಾಲದಲ್ಲಿ ಸುತ್ತಿದ ಬೀಡಿ ಮೆತ್ತಗಾಗುತ್ತದೆ. ಮೆತ್ತಗಾದ ಕಟ್ಟನ್ನು ತಪಾಸಣೆ ಮಾಡುವವನು ಬೇರೆ ಮಾತಿಲ್ಲದೆ ಬದಿಗೆ ತಳ್ಳುತ್ತಾನೆ. ಅದಕ್ಕೇ ಓಣಿಯ ಮನೆಗಳಲ್ಲಿ ಬೀಡಿಯ ಮೊರದ ಮೇಲೆ ಒಂದು ಹಳದಿ ಬಲ್ಬು ಇಳಿಬಿಟ್ಟು, ಅದರ ಮೇಲೆ ಬುಟ್ಟಿ ಕವುಚಿಡುವ ರೂಢಿಯಿತ್ತು. ಎಲ್‌ಇಡಿ ದೀಪ ಬಂದ ವರ್ಷ ಎಲ್ಲರೂ ಖುಷಿಯಿಂದ ಅದನ್ನೇ ಬುಟ್ಟಿಯೊಳಗೂ ಹಾಕಿದರು. ಬೀಡಿ ಚೆನ್ನಾಗಿ ಕಂಡಿತು, ಒಣಗಲಿಲ್ಲ. ಎರಡು ವಾರದ ಕೆಲಸ ಕಸದ ಪಾಲಾದ ಮೇಲೆ ಕಾರಣ ಹೊಳೆದದ್ದು ಸುಂದರಾಳಿಗೆ.

ಅವಳು ಇದನ್ನೆಲ್ಲ ಹೇಳಿದಾಗ ಸಂಭಾಜಿ ಸ್ಟ್ರೈಕರ್ ಕೆಳಗಿಟ್ಟ. “ಮಾವಶಿ, ಬೀಡಿನೂ ಕೇರಂನೂ ಒಂದ ಏನ?”

“ಎರಡೂ ತಂಪ ಹಿಡದ್ರ ಕೆಡತಾವು. ನೀ ಮ್ಯಾಲ ಮ್ಯಾಲ ಪೌಡರ್ ಹಾಕಾಕತ್ತಿ. ತಂಪಿನ್ಯಾಗ ಅದು ರಾಡಿ ಆಗತೈತಿ. ರಾಡ್ಯಾಗ ನಿನ್ನ ಆಟೋ ಓಡತೈತೇನ?”

“ನೀ ಕೇರಂ ಯಾವಾಗ ಆಡಿದ್ದಿ?”

“ನೀ ಹುಟ್ಟೂದ್ರಕಿಂತ ಮೊದಲ.”

ಜಿನ್ನಪ್ಪ ನಂಬಲಿಲ್ಲ, ಆದರೆ ಅವರ ಬಳಿ ಬೇರೆ ದಾರಿಯೂ ಇರಲಿಲ್ಲ. ಒಂದು ಬೋರ್ಡಿನ ಮೇಲೆ ಪ್ರಯೋಗವಾಗಲಿ ಎಂದರು. ಬಲ್ಬು ತರುವುದು ಸುಂದರಾಳ ಜವಾಬ್ದಾರಿ.

ಅವಳ ಮನೆಯ ಬಲ್ಬು ಹೋದ ಬೇಸಿಗೆಯಲ್ಲೇ ಸುಟ್ಟಿತ್ತು, ನೆರೆಯವರವು ಬೀಡಿಯ ಮೇಲಿಂದ ತೆಗೆಯುವಂತಿರಲಿಲ್ಲ. ಶುಕ್ರವಾರ ಇಬ್ಬರು ಹೆಂಗಸರು ಪೇಟೆಯ ನಾಲ್ಕು ವಿದ್ಯುತ್ ಅಂಗಡಿ ಸುತ್ತಿದರು. ನಾಲ್ಕರಲ್ಲೂ ಒಂದೇ ಉತ್ತರ: ಅದೀಗ ಯಾರೂ ಒಯ್ಯುವುದಿಲ್ಲ, ನಾವು ಇಡುವುದೂ ಇಲ್ಲ. ಕೊನೆಯ ಅಂಗಡಿಯವನು ಟಾರ್ಚು ಕೊಡಲು ಹೋದ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಗಂಗೂಬಾಯಿಯ ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

“ಸುಂದರಾ, ಬಿಡ ಇನ್ನ. ಮನ್ಯಾಗ ಕುಂತು ಆಡಿನ ಮಾರಿ ನೋಡೂಣು.”

“ನಿನ್ನ ತಂಗಿ ಕೆಂಪವ್ವ ಕೋಳಿಮರಿ ಸಾಕತಾಳಲ್ಲ,” ಎಂದಳು ಸುಂದರಾ. “ಮಳಿಗಾಲದಾಗ ಮರಿಗೆ ಕಾವು ಏನ ಕೊಡತಾಳ?”

ಗಂಗೂಬಾಯಿ ಒಂದು ಕ್ಷಣ ಯೋಚಿಸಿ ಛತ್ರಿ ಬಿಚ್ಚಿದಳು.

ಚಿಕ್ಕೋಡಿ ರಸ್ತೆಯಲ್ಲಿ ಕೋಳಿ ಆಹಾರ ಮಾರುವ ಅಂಗಡಿಯಿದೆ. ಅಲ್ಲಿ ಮೂಟೆಗಳ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ನೂರು ವ್ಯಾಟಿನ ಹಳದಿ ಬಲ್ಬುಗಳು ಸಾಲಾಗಿ ಮಲಗಿದ್ದವು. ಅಂಗಡಿಯವನು ಎಷ್ಟು ಮರಿ ಎಂದು ಕೇಳಿದ. “ಆರು,” ಎಂದಳು ಸುಂದರಾ. “ಭಾಳ ದೊಡ್ಡ ಮರಿ.” ಎಂಟು ಹೆಂಗಸರು ಕೂಡಿಸಿ ಕೊಟ್ಟ ದುಡ್ಡಿನಲ್ಲಿ ಆರು ಬಲ್ಬು ಕೊಂಡರು. ಪ್ರಯೋಗಕ್ಕೆ ಒಂದು ಸಾಕಾಗಿತ್ತು. ಉಳಿದ ಐದನ್ನು ಕೊಳ್ಳುವಾಗ ಅವಳು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಬೋರ್ಡಿನ ಮೇಲಿನ ದೀಪ ಬದಲಾಯಿತು. ಸುಂದರಾ ಮೆತ್ತನೆಯ ಧೋತರದ ತುಂಡಿನಿಂದ ಹಳೆಯ ಪೌಡರನ್ನೆಲ್ಲ ಒರೆಸಿ ತೆಗೆದಳು. ಸಂಭಾಜಿ ಹೊಸ ಪೌಡರ್ ಹಾಕಲು ಕೈ ನೀಡಿದಾಗ ಡಬ್ಬಿ ಕಸಿದುಕೊಂಡಳು. ಮೊದಲು ಹಲಗೆ ಎರಡು ತಾಸು ಕಾದು ಒಣಗಬೇಕು. ಆ ಎರಡು ತಾಸಿನಲ್ಲಿ ಸಂಭಾಜಿ ಮೂರು ಸಲ ಬೋರ್ಡು ಮುಟ್ಟಿ ನೋಡಿದ, ಜಿನ್ನಪ್ಪ ಐದು ಸಲ ಗಡಿಯಾರ ನೋಡಿದರು. ಗಂಗೂಬಾಯಿ ಚಹಾ ತರಿಸಿದಳು.

ಪರೀಕ್ಷೆ ಕೇರಂ ಆಡುವ ಎಲ್ಲರಿಗೂ ಗೊತ್ತಿರುವಂಥದು. ಸ್ಟ್ರೈಕರನ್ನು ಪೂರ್ತಿ ಬಲದಿಂದ ಎದುರಿನ ಪಟ್ಟಿಗೆ ಹೊಡೆಯಬೇಕು. ಒಳ್ಳೆಯ ಬೋರ್ಡಿನಲ್ಲಿ ಅದು ಈ ಕಡೆಯಿಂದ ಆ ಕಡೆ ಮೂರೂವರೆ ಸಲ ಓಡಾಡುತ್ತದೆ. ಸಂಭಾಜಿ ಮೊದಲು ಎಲ್‌ಇಡಿ ಕೆಳಗಿನ ಬೋರ್ಡಿನಲ್ಲಿ ಹೊಡೆದ. ಸ್ಟ್ರೈಕರ್ ಹೋಗಿ, ತಿರುಗಿ, ನಡುವಿನ ವೃತ್ತದಲ್ಲಿ ಸುಸ್ತಾಗಿ ನಿಂತಿತು. ಆಮೇಲೆ ಸುಂದರಾ ಕಾದ ಬೋರ್ಡಿನ ಮೇಲೆ ಒಂದು ಚಿಟಿಕೆ ಪೌಡರ್ ಉದುರಿಸಿ ಅಂಗೈಯಿಂದ ಸವರಿದಳು. ಅವನು ಹೊಡೆದ. ಹೋಯಿತು, ಬಂತು, ಹೋಯಿತು, ಮತ್ತೆ ಬರುತ್ತ ಅರ್ಧ ದಾಟಿ ನಿಂತಿತು.

ಸಂಭಾಜಿ ಇನ್ನೊಮ್ಮೆ ಹೊಡೆದು ನೋಡಿದ. ಅಷ್ಟೇ ಬಂತು.

“ಮಾವಶಿ, ಕುಂದರ. ಒಂದ ಗೇಮ್ ಆಗಲಿ.”

ಸುಂದರಾ ಸೆರಗು ಸಿಕ್ಕಿಸಿ ಕೂತಳು. ಆರು ವರ್ಷದ ಮೇಲೆ ಸ್ಟ್ರೈಕರ್ ಮುಟ್ಟಿದ್ದು. ಮೊದಲ ಎರಡು ಹೊಡೆತ ಎಲ್ಲೆಲ್ಲೋ ಹೋದವು. ಮೂರನೆಯದಕ್ಕೆ ಹೆಬ್ಬೆರಳು ತನ್ನ ಜಾಗ ಕಂಡುಕೊಂಡಿತು. ಒಂದರ ಹಿಂದೊಂದು ನಾಲ್ಕು ಕಾಯಿ ಮೂಲೆ ಸೇರಿದವು. ಕ್ವೀನನ್ನೂ ಹಾಕಿದಳು, ಅದರ ಹಿಂದೆ ಕವರ್ ಹಾಕುವಾಗ ತಪ್ಪಿದಳು. ನಾಲ್ಕು ಅಂಕದಿಂದ ಸೋತಳು.

“ಸೋತಿ ಮಾವಶಿ,” ಎಂದ ಸಂಭಾಜಿ. ದನಿಯಲ್ಲಿ ಹಿಗ್ಗಿರಲಿಲ್ಲ.

“ಇವತ್ತ ಸೋತೆ. ಬೆವರ ಒರಸಿಗೋ.”

ಉಳಿದ ಐದು ಬಲ್ಬುಗಳನ್ನು ಜಿನ್ನಪ್ಪ ತಾವೇ ಸ್ಟೂಲು ಹತ್ತಿ ಹಾಕಿದರು. ಕೆಳಗಿಳಿದಾಗ ಸುಂದರಾ ಬುಧವಾರದ ಮಾತೆತ್ತಿದಳು. ಸ್ಪರ್ಧೆ ಮುಗಿಯಲಿ, ಮುಂದಿನ ತಿಂಗಳು ಕಮಿಟಿಯಲ್ಲಿ ಇಡುತ್ತೇನೆ ಎಂದರು ಅವರು. ಅವಳು ಸರಿ ಎಂದಳು. ವಾದಿಸಲಿಲ್ಲ. ಗಂಗೂಬಾಯಿ ದಾರಿಯುದ್ದಕ್ಕೂ ಅವಳನ್ನು ಬೈಯುತ್ತ ಬಂದಳು: ಬಲ್ಬು ಬಿಚ್ಚಿಕೊಂಡು ಬರಬೇಕಿತ್ತು, ನೀನು ಕೊಟ್ಟು ಕೈ ಖಾಲಿ ಮಾಡಿಕೊಂಡೆ.

“ಬಲ್ಬ್ ಹಾಕಿದ್ರ ಮುಗೀತೇನ ಗಂಗೂ? ಎರಡ ತಾಸ ಕಾಯಬೇಕಲ್ಲ,” ಎಂದಳು ಸುಂದರಾ.

ಭಾನುವಾರ ಓಣಿಯ ಹೆಂಗಸರು ಬೆಳಿಗ್ಗೆ ಏಳಕ್ಕೇ ಹೋಗಿ, ಜಿನ್ನಪ್ಪನವರಿಂದ ಬೀಗ ತೆಗೆಸಿ, ಬೋರ್ಡು ಒರೆಸಿ ದೀಪ ಹಚ್ಚಿದ್ದರು. ಸ್ಪರ್ಧೆ ಸಂಜೆಯವರೆಗೆ ನಡೆಯಿತು, ಹೊರಗೆ ಮಳೆ ಒಂದೇ ಸಮ. ಕಾಗವಾಡದ ಜೋಡಿ ಗೆದ್ದಿತು. ಸಂಭಾಜಿ ಸೆಮಿಫೈನಲ್‌ನಲ್ಲಿ ಸೋತ. ಬಂದವರಲ್ಲಿ ಯಾರೂ ಬೋರ್ಡಿನ ಸುದ್ದಿ ಎತ್ತಲಿಲ್ಲ. ಬೋರ್ಡು ಚೆನ್ನಾಗಿದ್ದಾಗ ಯಾರೂ ಎತ್ತುವುದಿಲ್ಲ.

ಸೋಮವಾರ ಸಂಜೆ ಆರಕ್ಕೆ ಕೆಲಸ ಮುಗಿಸಿ ಬಂದ ಗಂಡಸರು ದೀಪ ಹಚ್ಚಿ ಎಂಟರವರೆಗೆ ಕಾದು ಕೂತರು. ಎಂಟಕ್ಕೆ ಬೋರ್ಡು ಕಾಯುವ ಹೊತ್ತಿಗೆ ಮನೆಗಳಿಂದ ಊಟಕ್ಕೆ ಕರೆ ಬಂತು. ಮಂಗಳವಾರವೂ ಹಾಗೇ ಆಯಿತು. ಬುಧವಾರ ಬೆಳಿಗ್ಗೆ ಸಂಭಾಜಿ ಆಟೊವನ್ನು ಸುಂದರಾಳ ಬಾಗಿಲಿಗೆ ತಂದು ನಿಲ್ಲಿಸಿದ.

“ಮಾವಶಿ, ಮಧ್ಯಾಹ್ನ ಯಾರರೆ ಬಂದು ದಿವಾ ಹಚ್ಚಿದ್ರ ಚಲೋ ಆಗತಿತ್ತ ಅಂದಾರ ಜಿನ್ನಪ್ಪ ಕಾಕಾ.”

ಸುಂದರಾ ಕೈಯಲ್ಲಿದ್ದ ಬೀಡಿಗೆ ದಾರ ಸುತ್ತಿ ಮುಗಿಸಿದಳು. “ದಿವಾ ಹಚ್ಚಾಕ ಯಾರೂ ಬರೂದಿಲ್ಲ. ಆಡಾಕ ಎಂಟ ಮಂದಿ ಬರತೀವಿ. ಕೀಲಿ ಯಾರ ಕಡೆ ಐತಿ?”

“ಕಾಕಾನ ಕಡೆ.”

“ಅವರಿಗೇ ಬಂದು ಕೊಡಾಕ ಹೇಳು.”

ಜಿನ್ನಪ್ಪ ಅಂಗಡಿ ತೆರೆಯುವ ಮೊದಲು ಬಂದರು. ಹೊಸ್ತಿಲ ಹೊರಗೆ ಛತ್ರಿ ಮಡಚಿ, ಆಡನ್ನು ದಾಟಿ, ಮನಿಷಾ ಒರೆಸಿಕೊಟ್ಟ ಸ್ಟೂಲಿನ ಮೇಲೆ ಕೂತು, ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಮಳೆಯ ಮಾತಾಡಿದರು. ಕಮಿಟಿಯ ಮೂವರಿಗೆ ಫೋನು ಮಾಡಿದ್ದೇನೆ, ಯಾರದೂ ಅಡ್ಡಿಯಿಲ್ಲ ಎಂದರು. ಆಮೇಲೆ ಬೀಗದ ಕೈಯನ್ನು ಅವಳ ಮುಂದಿಟ್ಟರು.

“ಆದ್ರ ಬುಧವಾರ ಅಷ್ಟ ಅಂದಿದ್ರಿ ಅಕ್ಕಾ.”

“ಮಳಿ ಬುಧವಾರ ಅಷ್ಟ ಬರತೈತೇನ ಅಣ್ಣಾ?”

ಜಿನ್ನಪ್ಪ ಚಹಾ ಕುಡಿದು ಎದ್ದರು.

ಅಂದು ಎರಡಕ್ಕೆ ಸುಂದರಾ ಮಂಡಳದ ಬಾಗಿಲು ತೆರೆದಳು. ಎಂಟು ಮಂದಿ ಅಂದಿದ್ದಳು, ಹನ್ನೊಂದು ಮಂದಿ ಬಂದರು. ಮೊದಲ ಎರಡು ತಾಸು ಬೋರ್ಡು ಕಾಯುವಾಗ ಅವಳು ಹೊಸಬರಿಗೆ ಬೆರಳು ಹಿಡಿಯುವುದನ್ನು ನೆಲದ ಮೇಲೆಯೇ ಕಲಿಸಿದಳು. ಬೀಡಿಯ ತುದಿ ಮಡಚುವಾಗ ಹೆಬ್ಬೆರಳು ಹೇಗಿರುತ್ತದೋ ಹಾಗೇ, ಎಂದಳು; ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ನಾಲ್ಕಕ್ಕೆ ಆಟ ಶುರುವಾಯಿತು. ಗಂಗೂಬಾಯಿ ಎದುರಿನವಳ ಕಾಯಿಗಳನ್ನು ಬೆರಳಲ್ಲಿ ಸರಿಸಿ ಸಿಕ್ಕಿಬಿದ್ದಳು, ತನ್ನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ ಎಂದು ವಾದಿಸಿದಳು. ನೂರು ವ್ಯಾಟಿನ ಬೆಳಕಲ್ಲಿ ಆ ಮಾತನ್ನು ಯಾರೂ ಒಪ್ಪಲಿಲ್ಲ.

ಆರಕ್ಕೆ ಗಂಡಸರು ಬಂದರು. ಐದು ಬೋರ್ಡು ಖಾಲಿಯಾಗಿದ್ದವು. ಆರನೆಯದರಲ್ಲಿ ಸುಂದರಾ ಮತ್ತು ಗಂಗೂಬಾಯಿ ಒಂದು ಜೋಡಿ, ಎದುರಿಗೆ ಓಣಿಯ ಇನ್ನಿಬ್ಬರು. ಸಂಭಾಜಿ ಮಳೆ ಅಂಗಿ ಕಳಚಿ ಪಕ್ಕಕ್ಕೆ ಬಂದು ನಿಂತ.

“ಮಾವಶಿ, ಆರಾತು.”

“ಕ್ವೀನ್ ಇನ್ನಾ ಬೋರ್ಡಿನ್ಯಾಗ ಐತಿ. ಆ ಕಡೆ ಸರಿ, ನೆರಳ ಬೀಳತೈತಿ.”

ಸಂಭಾಜಿ ಸರಿದು ನಿಂತ. ಸುಂದರಾ ಸ್ಟ್ರೈಕರನ್ನು ಗೆರೆಯ ಮೇಲೆ ಇಟ್ಟು, ಎದುರಿನ ಮೂಲೆಯನ್ನು ನೋಡಿದಳು.