ಗುಬ್ಬಿಯ ಮಳೆ, ನಮ್ಮೂರಿನ ಪುಸ್ತಕ

ಊರಿಗೆ ಎಷ್ಟು ಮಳೆ ಬಿತ್ತೆಂದು ಆಗೆಲ್ಲ ನಾನೇ ಹೇಳಬೇಕಿತ್ತು. ಕುಣಿಗಲ್ ಪಕ್ಕದ ನಮ್ಮೂರಲ್ಲಿ ತಾತ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವರು. ಶಾಲೆಯ ಅಂಗಳದಲ್ಲಿದ್ದ ಮಳೆ ಡಬ್ಬಿಯನ್ನು ದಿನಾ ಬೆಳಗ್ಗೆ ಅಳೆದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮಳೆ ಚೆನ್ನಾಗಿ ಬಿದ್ದಿದ್ದರೆ ತಾತ ತೂಬು ಮುಚ್ಚಿ ಕೆರೆಯ ನೀರು ಉಳಿಸುತ್ತಿದ್ದರು.

ದಸರಾ ರಜೆ. ಬದುವಿನ ಮೇಲೆ ನಡೆದರೆ ಹೂವಾದ ಭತ್ತದ ಹಸಿ ವಾಸನೆ. ತಾತ ಐದು ದಿನಕ್ಕೆ ಯಡಿಯೂರಿನ ದೇವಸ್ಥಾನಕ್ಕೆ ಹೊರಟರು.

"ದಿನಾ ನೋಡಿ ಬರೀ ಕಣ್ಲಾ. ಬಂದ್ಮೇಲೆ ಅದನ್ನ ಕೇಳ್ಕಂಡೇ ತೂಬು ತೆಗೀತೀನಿ."

ಅವರ ಬಸ್ಸು ಮರೆಯಾಗುತ್ತಲೇ ನಾನು ಅವ್ವನನ್ನು ಕಾಡಿ ಅವಳ ಜೊತೆ ಗುಬ್ಬಿಯ ಅತ್ತೆ ಮನೆಗೆ ಹೊರಟೆ. ಬುಗುರಿ, ಕೋಡುಬಳೆ, ಮೇಲೆ ಜೋರು ಮಳೆ!

ಐದನೇ ದಿನ ವಾಪಸ್ ಬಂದವನು ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಗುಬ್ಬಿಯಲ್ಲಿ ಸುರಿದದ್ದು ಇಲ್ಲೂ ಸುರಿದಿರುತ್ತದೆ ಎಂದು ಐದು ದಿನಕ್ಕೂ ದೊಡ್ಡ ದೊಡ್ಡ ಅಂಕಿ ಬರೆದುಬಿಟ್ಟೆ. ಮುಸ್ಸಂಜೆಗೆ ಬಂದ ತಾತ ಪುಸ್ತಕ ಓದಿಸಿಕೊಂಡು, "ಸದ್ಯ, ಇನ್ನು ನಾಕು ದಿನ ನೀರು ಬ್ಯಾಡ" ಎಂದರು.

ಬೆಳಗ್ಗೆ ಕೊನೆಗದ್ದೆಯ ಗೌರಮ್ಮ ಬಾಗಿಲಲ್ಲಿದ್ದಳು. ಗಂಡನಿಲ್ಲದ ಆಕೆಗೆ ಆ ಒಂದು ಗದ್ದೆಯೇ ವರ್ಷದ ಊಟ.

"ಒಂದು ಹನಿ ಬಿದ್ದಿಲ್ಲ, ತೂಬು ಮುಚ್ಕಂಡು ಕುಂತಿದೀಯಲ್ಲಣ್ಣೋ! ತೆನೆ ಜೊಳ್ಳಾದ್ರೆ ನಿನ್ ಪುಸ್ತಕ ಬೇಯಿಸ್ಕಂಡು ತಿನ್ಲಾ?"

ತಾತ ಗದ್ದೆಗೆ ಓಡಿದರು, ಹಿಂದೆ ನಾನು. ಬೆರಳು ಊರಿ ಮಣ್ಣು ತೆಗೆದು ಉಂಡೆ ಕಟ್ಟಿದರು, ಉಂಡೆ ಉದುರಿಹೋಯಿತು. ನನ್ನ ಮುಖ ನೋಡಿದರು. ಗೌರಮ್ಮನಿಗೆ ಮಾತ್ರ, "ಲೆಕ್ಕ ನಂದೇ ತಪ್ತು ಕಣವ್ವ" ಎಂದು ಕೈಮುಗಿದು ತೂಬು ತೆಗೆದರು.

ಆಮೇಲೆ ಕೆರೆ ಏರಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. "ಗೊತ್ತಿಲ್ದಿದ್ರೆ ಖಾಲಿ ಬುಡು ಕಣ್ಲಾ. ಖಾಲಿ ಇದ್ರೆ ಗದ್ದೆಗೋಗಿ ನೋಡ್ತೀನಿ. ಸುಳ್ಳು ತುಂಬ್ಸಿಟ್ರೆ ಮನೇಲೇ ಕುಂತಿರ್ತೀನಿ."

ನೀರು ಹೊತ್ತಿಗೆ ಮುಟ್ಟಿತು, ಬೆಳೆ ಉಳಿಯಿತು. ಸುಗ್ಗಿಯಲ್ಲಿ ಗೌರಮ್ಮ ಹೊಸ ಭತ್ತದ ಅವಲಕ್ಕಿಗೆ ಬೆಲ್ಲ ಕಲಸಿ ತಂದಳು. "ದಿನಾ ಮಳೆ ಬರೆಯೋ ಮಗ, ತಿನ್ನು." ತಿಂದೆ. ಹೇಳಲಿಲ್ಲ. ಆ ಲೆಕ್ಕ ತಪ್ಪಿಸಿದವನು ನಾನೆಂದು ಆಕೆ ಇರುವವರೆಗೂ ಹೇಳಲಿಲ್ಲ.

ಈಗ ತೂಬಿಗೆ ನೀರುಗಂಟಿಯಿಲ್ಲ, ಮಳೆಯನ್ನು ಫೋನೇ ಹೇಳುತ್ತದೆ. ಈ ಕಡೆಯ ಮಳೆ ಅಳೆಯುವ ಯಂತ್ರ ಕೆಟ್ಟ ದಿನ ಅಕ್ಕಪಕ್ಕದ ಊರಿನ ಮಳೆಯನ್ನೇ ನಮ್ಮ ಹೆಸರಿಗೆ ತುಂಬಿಸುತ್ತದಂತೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದನ್ನೇ ಮಾಡಿದವನು. ಆದರೆ ಖಾಲಿ ಜಾಗ ಕಾಣದೆ ಜನ ಗದ್ದೆಗೆ ಹೋಗಿ ನೋಡುವುದನ್ನೇ ಬಿಟ್ಟಿದ್ದಾರೆ. ನಾನಂತೂ ಬೆಳಗ್ಗೆ ಚಪ್ಪಲಿ ಕಳಚಿಟ್ಟು ಒಂದು ಸುತ್ತು ಹೋಗಿ ಮಣ್ಣಿನ ಉಂಡೆ ಕಟ್ಟಿ ಬರುತ್ತೇನೆ. ಮನಸ್ಸಿಗೆ ಹಿತ.

ಆ ಪುಸ್ತಕ ಇನ್ನೂ ಇದೆ. ಮೊನ್ನೆ ಆ ಐದು ಅಂಕಿಗಳನ್ನು ರಬ್ಬರಿನಿಂದ ಉಜ್ಜಿದೆ. ಕಾಗದ ತೆಳುವಾಯಿತು, ಶಾಯಿ ಹೋಗಲಿಲ್ಲ.